ಚೌತಿಯ ದಿನ ಹನೋಯ್‌ನಲ್ಲಿ ಟೈಫೂನ್: ಹಾಲಾಂಗ್ ತಪ್ಪಿತು, ದುಡ್ಡು ವಾಪಸ್ ಬರುತ್ತಾ?

ಡೊಂಬಿವಲಿ ಪೂರ್ವ, 18 ಸೆಪ್ಟೆಂಬರ್ 2024

ವಿಯೆಟ್ನಾಂನಿಂದ ಬಂದು ಬಟ್ಟೆ ಒಗೆದು ಒಣಗಿಸಿಯೂ ಆಯಿತು, ಟೂರ್ ಕಂಪೆನಿಯವರ ಜೊತೆ ಮಾತುಕತೆ ಮಾತ್ರ ಮುಗಿಯುತ್ತಿಲ್ಲ. ಇಲ್ಲಿ ಟ್ರಾವೆಲ್ ಲೈನಿನಲ್ಲಿರುವವರು, ಇನ್ಶೂರೆನ್ಸ್ ಗೊತ್ತಿರುವವರು ಇದ್ದೀರಿ ಅಂತ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನಾನು, ಯಜಮಾನರು, ಅತ್ತೆ, ಮಗ. ಠಾಣೆಯ ಒಂದು ಕಂಪೆನಿಯ ಗ್ರೂಪ್ ಪ್ಯಾಕೇಜ್. ಹನೋಯ್, ಹಾಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಿನಲ್ಲಿ, ಆಮೇಲೆ ಡಾ ನಾಂಗ್, ಹೋಯಿ ಆನ್, ತಿರುಗಿ ಹನೋಯ್‌ನಿಂದ ಮುಂಬಯಿ. ಗಣಪತಿ ರಜೆಗೆ ಸರಿಯಾಗಿ ಹೊಂದಿಸಿದ್ದೆವು. ಹಡಗಿನ ರಾತ್ರಿ ಬಿದ್ದದ್ದು ಸೆಪ್ಟೆಂಬರ್ 7ಕ್ಕೆ. ಅದೇ ದಿನ ಮಧ್ಯಾಹ್ನ ಯಾಗಿ ಅನ್ನುವ ಟೈಫೂನ್ ಕ್ವಾಂಗ್ ನಿನ್, ಹೈ ಫಾಂಗ್ ಕರಾವಳಿಗೆ ಬಂದು ಹೊಡೆಯಿತು. ಹಾಲಾಂಗ್ ಇರುವುದೇ ಕ್ವಾಂಗ್ ನಿನ್‌ನಲ್ಲಿ.

ಹಿಂದಿನ ದಿನವೇ ಹೋಟೆಲಿನವರು "ಸ್ಟಾರ್ಮ್ ನಂಬರ್ ತ್ರೀ, ನಂಬರ್ ತ್ರೀ" ಅಂತ ಹೇಳುತ್ತಿದ್ದರು. ಯಜಮಾನರು ಮಲ್ಪೆಯವರು. ಬಂದರಿನಲ್ಲಿ ಮೂರನೇ ನಂಬರ್ ಸಿಗ್ನಲ್ ಏರಿಸಿದರೆ ಎಷ್ಟು, ಹತ್ತು ಏರಿಸಿದರೆ ಎಷ್ಟು ಅಂತ ಅವರಿಗೆ ಬಾಯಿಪಾಠ. "ಮೂರು ಅಂದರೆ ಜೋರು ಗಾಳಿ ಮಳೆ ಬರಬಹುದು ಅಂತ ಎಚ್ಚರಿಕೆ, ಅಷ್ಟೇ" ಅಂದರು. ಮಗ ಫೋನಿನಲ್ಲಿ ಹುಡುಕಿ ಹೇಳಿದ: ಅಲ್ಲಿ ಬಿರುಗಾಳಿಗಳಿಗೆ ವರ್ಷದ ಲೆಕ್ಕದಲ್ಲಿ ನಂಬರ್ ಕೊಡುತ್ತಾರೆ. ಇದು ಆ ವರ್ಷದ ಮೂರನೆಯದು. ಜೋರಿಗೂ ನಂಬರಿಗೂ ಸಂಬಂಧವೇ ಇಲ್ಲ!

6ರ ಸಂಜೆ ಗೈಡ್ ಬಂದು ಹಾಲಾಂಗ್ ಹಡಗುಗಳನ್ನೆಲ್ಲ ನಿಲ್ಲಿಸಿದ್ದಾರೆ ಅಂದ. ಠಾಣೆಯ ಆಫೀಸಿನಿಂದ ಮೆಸೇಜ್ ಬಂತು: "ಚಿಂತೆ ಬೇಡ, ಬದಲಿಗೆ ಬೆಳಗ್ಗೆ ಬಸ್ಸಿನಲ್ಲಿ ನಿನ್ ಬಿನ್‌ಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಬರೀ ಮಳೆ." ಹನೋಯ್‌ನಿಂದ ಸುಮಾರು ನೂರು ಕಿಲೋಮೀಟರ್. ಗ್ರೂಪಿನಲ್ಲಿ ಅರ್ಧ ಜನ ಹೊರಟರು. ನಾವು ಬರುವುದಿಲ್ಲ ಅಂದೆವು. ಬೆಳಗ್ಗೆಯೇ ಹೋಟೆಲಿನವರ ಹತ್ತಿರ ಅದೇ ರೂಮನ್ನು ಇನ್ನೊಂದು ರಾತ್ರಿಗೆ ಕೈಯಿಂದ ದುಡ್ಡು ಕೊಟ್ಟು ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ಅದೇ ಹೋಟೆಲಿನಲ್ಲಿ ಒಂದು ರೂಮೂ ಇರಲಿಲ್ಲ.

ಹೋಟೆಲಿನ ಹುಡುಗರು ಮಾಡಿದ ತಯಾರಿ ನೋಡಬೇಕಿತ್ತು. ಬೀದಿಯಲ್ಲಿದ್ದ ಸ್ಕೂಟರ್‌ಗಳನ್ನೆಲ್ಲ ಒಂದೊಂದಾಗಿ ಮೆಟ್ಟಿಲು ಹತ್ತಿಸಿ ಲಾಬಿಯೊಳಗೆ ತಂದು ಸೋಫಾದ ಪಕ್ಕ ನಿಲ್ಲಿಸಿದರು. ಗಾಜಿನ ಬಾಗಿಲಿಗೆ ಮೂಲೆಯಿಂದ ಮೂಲೆಗೆ ಅಗಲ ಟೇಪು. ಮಹಡಿಯ ಹೂಕುಂಡಗಳನ್ನು ಇಳಿಸಿದರು. ಪ್ರತಿ ರೂಮಿಗೆ ಒಂದು ಕ್ಯಾನ್ ನೀರು, ಒಂದು ಮೇಣದಬತ್ತಿ, ಎರಡು ಹಳೇ ಟವೆಲ್. ಟವೆಲ್ ಯಾಕೆ ಅಂತ ಸಂಜೆ ಗೊತ್ತಾಯಿತು. ಗಾಳಿ ಶುರುವಾದ ಮೇಲೆ ಕಿಟಕಿಯ ಸಂದಿನಿಂದ ನೀರು ಒಳಗೆ ಚಿಮ್ಮುತ್ತಿತ್ತು, ಯಾರೋ ಪಿಚಕಾರಿ ಹಿಡಿದ ಹಾಗೆ. ಅತ್ತೆ ರಾತ್ರಿಯಿಡೀ ಟವೆಲ್ ಹಿಂಡಿದರು. ಬೆಳಗ್ಗೆ ಬೀದಿಗೆ ಇಳಿದರೆ ತಬ್ಬಿ ಹಿಡಿಯಲಾಗದಷ್ಟು ದಪ್ಪದ ಮರಗಳು ಬುಡಸಮೇತ ಮಲಗಿದ್ದವು. ಬೇರಿನ ಜೊತೆಗೆ ಫುಟ್‌ಪಾತಿನ ಕಲ್ಲುಗಳೂ ಎದ್ದು ಬಂದಿದ್ದವು. ಹನೋಯ್‌ನಲ್ಲಿ ಸಾವಿರಾರು ಮರ ಬಿದ್ದಿವೆ.

ಹನೋಯ್‌ನ ನೊಯ್ ಬಾಯ್ ಏರ್‌ಪೋರ್ಟ್ 7ರಂದು ಬೆಳಗ್ಗೆ 10ರಿಂದ ಮುಚ್ಚಿತ್ತು. ನಮ್ಮ ಡಾ ನಾಂಗ್ ಫ್ಲೈಟ್ ಮರುದಿನ ಬಹಳ ತಡವಾಗಿ ಹೊರಟಿತು. ಅಲ್ಲಿ ಬಿಸಿಲು! ಹೋಯಿ ಆನ್ ಚೆನ್ನಾಗಿ ನೋಡಿದೆವು.

ಈಗ ಜಗಳ ಏನೆಂದರೆ, ಹಡಗಿನ ರಾತ್ರಿಯ ದುಡ್ಡು ಕೇಳಿದರೆ ಕಂಪೆನಿಯವರು "ದೈವಿಕ ಘಟನೆ, ಅಗ್ರಿಮೆಂಟಿನಲ್ಲಿದೆ, ಬದಲಿ ಕೊಟ್ಟೆವು, ನೀವೇ ಬರಲಿಲ್ಲ" ಅನ್ನುತ್ತಾರೆ. ಬೇಕಿದ್ದರೆ ಮುಂದಿನ ಟೂರಿಗೆ ಕ್ರೆಡಿಟ್ ನೋಟ್ ಕೊಡುತ್ತಾರಂತೆ. ಹೆಚ್ಚುವರಿ ರೂಮಿನ ದುಡ್ಡಂತೂ ಕೇಳಲೇಬೇಡಿ ಅಂದರು. ಏನು ಮಾಡಬಹುದು? ಇನ್ಶೂರೆನ್ಸ್ ಇದೆ, ಪ್ಯಾಕೇಜ್ ಜೊತೆಗೇ ಬಂದದ್ದು.

ಮೀರಾ ರೋಡ್ ಮಾಣಿ

ಅಕ್ಕ, ಚೌತಿ ದಿನ ಗಣಪನನ್ನು ಬಿಟ್ಟು ಹಡಗು ಹತ್ತಲು ಹೊರಟರೆ ವಿಘ್ನ ಬಾರದೆ ಇನ್ನೇನು ಬರುತ್ತದೆ ಮಾರಾಯ್ರೆ! ತಮಾಷೆಗೆ ಅಂದೆ, ಬೇಜಾರು ಮಾಡಬೇಡಿ. ಎಲ್ಲರೂ ಸುಖವಾಗಿ ಬಂದಿರಲ್ಲ, ಅದು ದೊಡ್ಡದು.

ಡೊಂಬಿವಲಿ ಪೂರ್ವ

ಬಿಟ್ಟಿರಲಿಲ್ಲಪ್ಪ. ಅತ್ತೆ ಅರಿಶಿನದ ಗಣಪ ಮಾಡಿ ಟೀಪಾಯಿ ಮೇಲೆ ಕೂರಿಸಿದ್ದರು. ಪಂಚಕಜ್ಜಾಯ ಮನೆಯಿಂದಲೇ ಡಬ್ಬಿಯಲ್ಲಿ ತಂದಿದ್ದರು. ರಿಸೆಪ್ಷನ್ ಹುಡುಗನಿಗೂ ಕೊಟ್ಟರು, ಅವನು ಎಳ್ಳು ಗುರುತು ಹಿಡಿದು ಇನ್ನೊಂದು ಸ್ಪೂನ್ ಕೇಳಿದ. ಚೌತಿ ಚಂದ್ರ ಕಂಡುಬಿಟ್ಟರೆ ಅನ್ನುವ ಭಯವಂತೂ ಆ ರಾತ್ರಿ ಇರಲೇ ಇಲ್ಲ.

ವಾಶಿ ಟಿಕೆಟ್

ನಾನು ಈ ಲೈನಿನಲ್ಲೇ ಇದ್ದೇನೆ, ಹಾಗಾಗಿ ಒಳಗಿನ ಲೆಕ್ಕ ಹೇಳುತ್ತೇನೆ. ಠಾಣೆಯ ಕಂಪೆನಿಗೆ ಹಾಲಾಂಗ್‌ನಲ್ಲಿ ಹಡಗಿಲ್ಲ. ಅವರು ಹನೋಯ್‌ನ ಒಬ್ಬ ಏಜೆಂಟನಿಗೆ ಒಟ್ಟು ದುಡ್ಡು ಕಟ್ಟುತ್ತಾರೆ, ನಾವು ಲ್ಯಾಂಡ್ ಪಾರ್ಟ್ ಅನ್ನುತ್ತೇವೆ. ಆ ಏಜೆಂಟ್ ಹಡಗಿನವನಿಗೆ ಕಟ್ಟುತ್ತಾನೆ. ಸರ್ಕಾರವೇ ಹಡಗು ಬಿಡಬೇಡಿ ಅಂದಾಗ ಹಡಗಿನವರು ಸಾಮಾನ್ಯವಾಗಿ ದುಡ್ಡು ವಾಪಸ್ ಕೊಡುತ್ತಾರೆ, ಇಲ್ಲವೇ ಬೇರೆ ದಿನ ಕೊಡುತ್ತಾರೆ. ಆ ದುಡ್ಡು ಮೂರು ಕೈ ದಾಟಿ ನಿಮ್ಮ ಹತ್ತಿರ ಬರಬೇಕು. ಬರುವಾಗ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಎಲ್ಲಿ ನಿಂತಿದೆ ಅಂತ ಕಂಡುಹಿಡಿಯುವುದೇ ನಿಮ್ಮ ಕೆಲಸ.

ಮೊದಲು ಹಡಗಿನ ಹೆಸರು ತಿಳಿದುಕೊಂಡು ಅವರಿಗೇ ಮೇಲ್ ಹಾಕಿ. 7ನೇ ತಾರೀಕಿನ ನಮ್ಮ ಬುಕಿಂಗ್ ರದ್ದಾಗಿದೆಯಾ, ದುಡ್ಡು ಏಜೆಂಟನಿಗೆ ವಾಪಸ್ ಹೋಗಿದೆಯಾ, ಇಷ್ಟೇ ಕೇಳಿ. ವಿಯೆಟ್ನಾಂ ಜನ ಮೇಲ್‌ಗೆ ಬೇಗ ಉತ್ತರ ಕೊಡುತ್ತಾರೆ. ಆ ಉತ್ತರ ಕೈಯಲ್ಲಿದ್ದರೆ ಕಂಪೆನಿಯ ಧ್ವನಿ ಬದಲಾಗುತ್ತದೆ.

ಅಗ್ರಿಮೆಂಟಿನಲ್ಲಿ ದೈವಿಕ ಘಟನೆಯ ಕಲಂ ಇರುತ್ತದೆ, ನಿಜ. ಕಾರ್ಯಕ್ರಮ ಬದಲಿಸಬಹುದು, ನಷ್ಟ ತುಂಬಿಕೊಡುವುದಿಲ್ಲ ಅಂತ. ಆದರೆ ಖರ್ಚೇ ಆಗದ ದುಡ್ಡನ್ನು ಜೇಬಿಗೆ ಹಾಕಿಕೊಳ್ಳಬಹುದು ಅಂತ ಅದರರ್ಥ ಅಲ್ಲ. ಕ್ರೆಡಿಟ್ ನೋಟಿಗೆ ಸಹಿ ಮಾಡಬೇಡಿ. ಮಾಡಿದರೆ ವ್ಯವಹಾರ ಮುಗಿಯಿತು ಅಂತಲೇ ಅವರು ಹೇಳುವುದು. ಹೆಚ್ಚುವರಿ ರೂಮಿನ ದುಡ್ಡು ಮಾತ್ರ ಅವರಿಂದ ಸಿಗುವುದು ಕಷ್ಟ.

ಜುಲೈ 26

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬಯ್ಯಬೇಡಿ. 2005ರ ಜುಲೈ 26ರಂದು, ನನ್ನ ಈ ಹೆಸರು ಬಂದದ್ದೇ ಆ ದಿನದಿಂದ, ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಬಿದ್ದಾಗ ನಾನು ಅಂಧೇರಿಯಿಂದ ಸಯನ್‌ವರೆಗೆ ಎದೆಮಟ್ಟ ನೀರಿನಲ್ಲಿ ನಡೆದವನು. ಮುಂಬಯಿಯವರಿಗೆ ಮಳೆ ಹೊಸದಾ? ಬಸ್ಸು ಬಂದಿದೆ, ಗೈಡ್ ಇದ್ದಾನೆ, ಕಂಪೆನಿ ಖರ್ಚು ಹಾಕುತ್ತಿದೆ. ಅದನ್ನು ಬಿಟ್ಟು ರೂಮಿನಲ್ಲಿ ಕೂತರೆ ದುಡ್ಡು ಯಾರು ಕೊಡುತ್ತಾರೆ? ಇತ್ತೀಚೆಗೆ ಜನ ಫೋನಿನಲ್ಲಿ ಕೆಂಪು ಬಣ್ಣ ಕಂಡರೆ ಸಾಕು, ಜಾಸ್ತಿ ಹೆದರುತ್ತಾರೆ.

ಡೊಂಬಿವಲಿ ಪೂರ್ವ

ಬಯ್ಯುವುದಿಲ್ಲ ಸರ್. ಹೋದವರ ಕಥೆ ಹೇಳುತ್ತೇನೆ, ಅವರೇ ಆಮೇಲೆ ಹೇಳಿದ್ದು. ನಿನ್ ಬಿನ್‌ನಲ್ಲಿ ಹುಟ್ಟು ಹಾಕುವ ದೋಣಿ ಬಂದ್. ದೇವಸ್ಥಾನ ಬಂದ್. ಹೋಟೆಲಿನಲ್ಲಿ ಕರೆಂಟ್ ಹೋಗಿ ಊಟಕ್ಕೆ ಕಪ್ ನೂಡಲ್ಸ್. ಅದೂ ಬಿಸಿನೀರು ಇರುವವರೆಗೆ. ವಾಪಸ್ ಬರುವಾಗ ದಾರಿಯಲ್ಲಿ ಬಿದ್ದ ಮರ, ಹೋರ್ಡಿಂಗ್ ತೆಗೆಯುವವರೆಗೆ ಬಸ್ಸಿನಲ್ಲೇ ಕೂತಿದ್ದರು. ಅವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಣ್ಣಗಿಡಲು ಐಸ್ ಹುಡುಕಿ ಸಾಕಾಯಿತಂತೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನೋಡಿದ್ದು ಏನು? ನಮ್ಮ ಹಾಗೇ ನಾಲ್ಕು ಗೋಡೆ.

ಕೊಲಾಬಾ ಮೋಡ

ಜುಲೈ 26 ಅಣ್ಣನವರೇ, ನೀವು ಹೇಳುವುದು ಮಳೆಯ ಲೆಕ್ಕ, ಇದು ಗಾಳಿಯ ಲೆಕ್ಕ. ಹವಾಮಾನದ ಹುಚ್ಚು ನನಗೆ, ಹಾಗಾಗಿ ಸುಮ್ನೆ ಬಿಡಲಾರೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ನೀರು ಕೊಲ್ಲುತ್ತದೆ, ಗಾಳಿ ಅಷ್ಟಾಗಿ ಅಲ್ಲ. ಅದಕ್ಕೇ ಮುಂಬಯಿಯವರಿಗೆ ಗಾಳಿಯ ಅಂದಾಜು ಕಡಿಮೆ. 2021ರ ಮೇ 17ರಂದು ತೌಕ್ತೆ ಸೈಕ್ಲೋನ್ ಸಮುದ್ರದಲ್ಲೇ ಪಕ್ಕದಿಂದ ಹೋಯಿತು. ಅಷ್ಟಕ್ಕೇ ಕೊಲಾಬಾದಲ್ಲಿ ಗಾಳಿ ಗಂಟೆಗೆ 100 ಕಿಲೋಮೀಟರ್ ದಾಟಿತ್ತು, ಊರೆಲ್ಲ ಮರ ಬಿದ್ದವು. ಈ ವರ್ಷ ಮೇ 13ರಂದು ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಬಿದ್ದದ್ದು ಮರೆತಿಲ್ಲ ತಾನೇ? ಅದು ಸೈಕ್ಲೋನ್ ಕೂಡ ಅಲ್ಲ, ಒಂದು ಸಂಜೆಯ ಧೂಳುಗಾಳಿ. ಆ ಲೆಕ್ಕದಲ್ಲಿ ಹೆದ್ದಾರಿಯಲ್ಲಿ ಎತ್ತರದ ಟೂರಿಸ್ಟ್ ಬಸ್ಸು ಎಷ್ಟು ಕ್ಷೇಮ ಅಂತ ನೀವೇ ಹೇಳಿ.

ಯಾಗಿ ಕದ್ದು ಬಂದದ್ದೂ ಅಲ್ಲ. ಫಿಲಿಪ್ಪೀನ್ಸ್ ಹತ್ತಿರ ಹುಟ್ಟಿತು, ದಕ್ಷಿಣ ಚೀನಾ ಸಮುದ್ರದಲ್ಲಿ ಬೆಳೆಯಿತು, 6ರಂದು ಚೀನಾದ ಹೈನಾನ್ ದ್ವೀಪಕ್ಕೆ ಹೊಡೆಯಿತು, 7ಕ್ಕೆ ವಿಯೆಟ್ನಾಂ. ಜಪಾನ್ ಹವಾಮಾನ ಇಲಾಖೆಯ ಪುಟದಲ್ಲಿ ಅದರ ದಾರಿ ದಿನದಿನವೂ ಕಾಣುತ್ತಿತ್ತು. ಟೈಫೂನಿನ ಒಂದು ಒಳ್ಳೆಯ ಗುಣ ಅಂದರೆ ಇದೇ, ಬರುತ್ತೇನೆ ಅಂತ ಹೇಳಿ ಬರುತ್ತದೆ. ಟೂರ್ ಆಫೀಸಿನವರು ನೋಡಲಿಲ್ಲ ಅಂದರೆ ಅದು ಬೇರೆ ಮಾತು.

ಇನ್ನೊಂದು. ಗಾಳಿ ಹೋದ ಮೇಲೂ ಕಥೆ ಮುಗಿದಿರಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಹಾಗೇ ಆಯಿತು. ಬೆಟ್ಟದಲ್ಲಿ ಸುರಿದ ನೀರು ಕೆಂಪು ನದಿಯಲ್ಲಿ ಇಳಿದು ಬಂತು. 9ರಂದು ಫೂ ಥೋದಲ್ಲಿ ಫಾಂಗ್ ಚೌ ಸೇತುವೆ ಕುಸಿಯಿತು. 10ರಂದು ಲಾವ್ ಕಾಯ್‌ನ ಲಾಂಗ್ ನೂ ಅನ್ನುವ ಹಳ್ಳಿ ಮಣ್ಣಿನಡಿ ಹೋಯಿತು. ಹನೋಯ್‌ನಲ್ಲಿ ನದಿ ಇಪ್ಪತ್ತು ವರ್ಷದಲ್ಲಿ ಕಾಣದಷ್ಟು ಏರಿತು, ಲಾಂಗ್ ಬಿಯೆನ್ ಸೇತುವೆ ಮುಚ್ಚಿದರು. ಆ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಬಿಸಿಲು ಬಂತು ಅಂತ ಉತ್ತರದ ಬೆಟ್ಟದ ಊರು ಸಾ ಪಾ ಕಡೆ ಹೊರಟ ಪ್ರವಾಸಿಗರು ಸಿಕ್ಕಿಬಿದ್ದದ್ದು ಆಗ.

ಜುಲೈ 26

ಬಸ್ಸಿನ ಮಾತು ಒಪ್ಪಿದೆ. ಉಳಿದದ್ದು ಆಮೇಲೆ ನೋಡೋಣ.

ಘೋಡ್‌ಬಂದರ್ ರಸ್ತೆ

ಈ ವರ್ಷ ಏಪ್ರಿಲ್ 16ಕ್ಕೆ ನಾವು ದುಬೈಯಲ್ಲಿದ್ದೆವು. ಮರಳುಗಾಡಿಗೆ ಹೋಗುವಾಗ ಯಾರಾದರೂ ಕೊಡೆ ತೆಗೆದುಕೊಂಡು ಹೋಗುತ್ತಾರಾ? ಅಲ್ ಐನ್ ಹತ್ತಿರ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಬಿತ್ತು. 1949ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಆ ದೇಶದಲ್ಲಿ ಬಿದ್ದ ಅತಿ ದೊಡ್ಡ ಮಳೆ ಇದು ಅಂತ ಅಲ್ಲಿನ ಹವಾಮಾನ ಕೇಂದ್ರ ಹೇಳಿತು.

ಜುಲೈ 26 ಸರ್‌ಗೆ 254 ಅಂದರೆ ನಗು ಬರಬಹುದು. ನಮಗೂ ಮೊದಲು ಬಂತು. ಡೇರಾದ ಹೋಟೆಲಿನ ಕಿಟಕಿಯಲ್ಲಿ ನಿಂತು ಭಜಿ ಇದ್ದಿದ್ದರೆ ಅಂತ ಮಾತಾಡುತ್ತಿದ್ದೆವು. ಆದರೆ ಅಲ್ಲಿ ಈ ಪ್ರಮಾಣದ ನೀರು ಹೋಗಲು ಚರಂಡಿಯೇ ಇಲ್ಲ. ಬಿದ್ದದ್ದು ಬಿದ್ದಲ್ಲೇ ನಿಲ್ಲುತ್ತದೆ. ಶೇಖ್ ಝಾಯೆದ್ ರಸ್ತೆಯಲ್ಲಿ ಕಾರುಗಳು ಮುಳುಗಿದವು. ಮೆಟ್ರೋ ಸ್ಟೇಷನ್ನುಗಳಿಗೆ ನೀರು ನುಗ್ಗಿತು. ಏರ್‌ಪೋರ್ಟಿನಲ್ಲಿ ಸಾವಿರಕ್ಕೂ ಹೆಚ್ಚು ಫ್ಲೈಟ್ ರದ್ದು. ನಮ್ಮದು 17ಕ್ಕೆ ಇತ್ತು. ಆ ದಿನ ಚೆಕ್‌-ಇನ್ನೇ ನಿಲ್ಲಿಸಿದರು.

ನಾನು ನೋಡಿದ್ದು ಏನೆಂದರೆ, ರದ್ದಾಯಿತು ಅಂತ ಮೆಸೇಜ್ ಬಂದ ಕೂಡಲೇ ಏರ್‌ಪೋರ್ಟಿಗೆ ಓಡಿದವರು ನೆಲದಲ್ಲಿ ಮಲಗಿದರು. ಟ್ಯಾಕ್ಸಿ ಹೋಗಲು ಸಿಕ್ಕಿತು, ಬರಲು ಸಿಗಲಿಲ್ಲ. ನಾವು ಹೋಟೆಲಿನಲ್ಲೇ ಕೂತು ಫೋನಿನಲ್ಲಿ ಟಿಕೆಟ್ ಬದಲಿಸಿದೆವು. 19ಕ್ಕೆ ನಮ್ಮ ಎಂಬೆಸಿಯೂ ಅದನ್ನೇ ಹೇಳಿತು, ಎಲ್ಲ ಸರಿಯಾಗುವವರೆಗೆ ತೀರಾ ಅಗತ್ಯವಿಲ್ಲದ ಪ್ರಯಾಣ ಮುಂದೆ ಹಾಕಿ ಅಂತ. ವೀಸಾ ದಿನ ಮುಗಿಯುತ್ತದೆ ಅಂತ ನಮ್ಮಾಕೆ ಹೆದರಿದ್ದಳು. ವಿಮಾನದವರ ರದ್ದಾದ ಮೇಲ್ ಪ್ರಿಂಟ್ ತೆಗೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆವು. ಇಮಿಗ್ರೇಶನ್‌ನಲ್ಲಿ ಯಾರೂ ಏನೂ ಕೇಳಲಿಲ್ಲ.

ಮೀರಾ ರೋಡ್ ಮಾಣಿ

ಅದು ಮೋಡ ಬಿತ್ತನೆ ಮಾಡಿ ಎಡವಟ್ಟಾದದ್ದು ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತಲ್ಲ?

ಕೊಲಾಬಾ ಮೋಡ

ವಾಟ್ಸಾಪಿನಲ್ಲಿ ಬಾರದ್ದು ಯಾವುದಿದೆ! ಅವರು ಮೋಡ ಬಿತ್ತನೆ ಮಾಡುವ ದೇಶ ಹೌದು. ಆದರೆ ಆ ಬಿರುಮಳೆಯ ಹೊತ್ತಿನಲ್ಲಿ ಬಿತ್ತನೆ ವಿಮಾನ ಹಾರಿಸಿಲ್ಲ ಅಂತ ಅಲ್ಲಿನ ಹವಾಮಾನ ಕೇಂದ್ರ ಹೇಳಿದೆ. ಅದೂ ಬೇಡ, ದೊಡ್ಡ ಮಳೆ ಬರುತ್ತದೆ ಅಂತ ಮುನ್ಸೂಚನೆ ಕೆಲವು ದಿನ ಮೊದಲೇ ಇತ್ತು. ಪಕ್ಕದ ಓಮಾನ್‌ನಲ್ಲೂ ಅದೇ ಮಳೆಯಲ್ಲಿ ಶಾಲೆ ಮಕ್ಕಳೂ ಸೇರಿ ಹಲವರು ಸತ್ತರು. ಅಷ್ಟು ಅಗಲದ ಮಳೆಯನ್ನು ಒಂದೆರಡು ವಿಮಾನದಿಂದ ಉಪ್ಪು ಚೆಲ್ಲಿ ತರಿಸಲು ಆಗುವುದಾದರೆ ಮರಾಠವಾಡಾದಲ್ಲಿ ಬರಗಾಲ ಯಾಕಿರುತ್ತಿತ್ತು?

ಪುಣೆ ಧಾರವಾಡ

ನಮ್ಮ ತಂದೆಯವರದು ಒಂದು ಅನುಭವ ಹೇಳ್ತೀನ್ರಿ, ಪ್ರವಾಸ ಅನ್ನೋದಕ್ಕಿಂತ ಯಾತ್ರೆ. 2018ರ ಜುಲೈ, ನೇಪಾಳದ ಕಡೆಯಿಂದ ಕೈಲಾಸ ಮಾನಸ ಸರೋವರ. ದರ್ಶನ ಮುಗಿಸಿ ಇಳಿಯುವಾಗ ಹಿಲ್ಸಾ, ಸಿಮಿಕೋಟ್‌ನಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಯಾತ್ರಿಗಳು ಸಿಕ್ಕಿಬಿದ್ದರು. ಕರ್ನಾಟಕದವರು ಬಹಳ ಜನ ಇದ್ದರು.

ಅಲ್ಲಿನ ಲೆಕ್ಕ ಬೇರೇನೇ ಇದೆ ನೋಡ್ರಿ. ಹಿಲ್ಸಾದಿಂದ ಸಿಮಿಕೋಟ್‌ಗೆ ಹೆಲಿಕಾಪ್ಟರ್. ಸಿಮಿಕೋಟ್‌ನಿಂದ ನೇಪಾಳಗಂಜ್‌ಗೆ ಸಣ್ಣ ವಿಮಾನ. ಬಸ್ಸು ಹತ್ತಿ ಬಂದುಬಿಡೋಣ ಅನ್ನೋ ಮಾತೇ ಇಲ್ಲ. ಕಣಿವೆಯಲ್ಲಿ ಮೋಡ ಕೂತರೆ ಎಲ್ಲ ಬಂದ್. ಮಳೆ ಬರಲೇಬೇಕು ಅಂತಿಲ್ಲ, ಮೋಡ ಕೂತರೆ ಸಾಕು. ಮೇಲಿನಿಂದ ಜನ ಇಳಿಯುತ್ತಲೇ ಇರುತ್ತಾರೆ, ಕೆಳಗೆ ಜಾಗ ಇಲ್ಲ. ಒಂದು ಕೋಣೆಯಲ್ಲಿ ಹಿಡಿಸಲಾರದಷ್ಟು ಮಂದಿ. ತಂದೆಯವರ ಬಿಪಿ ಗುಳಿಗೆ ಮುಗಿಯಲು ಬಂದಿದ್ದವು. ಜೊತೆಗಿದ್ದ ಬೈಲಹೊಂಗಲದ ಒಬ್ಬ ಅಜ್ಜಿ ತಮ್ಮ ಚೀಲದಿಂದ ಅರ್ಧ ಪಟ್ಟಿ ಕತ್ತರಿಸಿ ಕೊಟ್ಟರಂತೆ, ಅದೇ ಗುಳಿಗೆ, ಅದೇ ಪವರ್. ಮೇಲಿಂದ ಶೇಂಗಾ ಹೋಳಿಗೆ.

ಎಂಬೆಸಿಯವರು ಹಾಟ್‌ಲೈನ್ ಮಾಡಿದ್ದರು, ಅದರಲ್ಲಿ ಕನ್ನಡದಲ್ಲಿ ಮಾತಾಡುವವರೂ ಇದ್ದರು. ತೆಲುಗು, ತಮಿಳು, ಮಲಯಾಳಂ ಕೂಡ. ಪುಣೆಯಲ್ಲಿ ಕೂತ ನಮ್ಮ ಅವ್ವ ಆ ನಂಬರಿಗೆ ಫೋನ್ ಹಚ್ಚಿ "ಯಪ್ಪಾ, ನಮ್ಮ ಮನೆಯವರು ಊಟ ಮಾಡ್ಯಾರೇನು ಕೇಳ್ರಿ" ಅಂದಳು. ಇಂಗ್ಲಿಷ್ ಬಾರದವರ ಮನೆಯವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ಆವತ್ತು ಗೊತ್ತಾಯಿತು. ಆದ್ದರಿಂದ ಹಿರಿಯರನ್ನು ಕಳಿಸುವಾಗ ಎಂಬೆಸಿಯ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಅವರ ಚೀಲದಲ್ಲೊಂದು, ಮನೆಯ ಫ್ರಿಜ್ ಮೇಲೊಂದು ಅಂಟಿಸ್ರಿ. ಗುಳಿಗೆ ಒಂದು ವಾರದ್ದು ಹೆಚ್ಚಿಗೆ ಕೊಡ್ರಿ, ಅದೂ ಕೈಚೀಲದಲ್ಲಿ.

ಮಡಗಾಂವ್ ಪಾಲಿಸಿ

ಇನ್ಶೂರೆನ್ಸ್ ಬಗ್ಗೆ ಕೇಳಿದ್ದಿರಿ. ನನ್ನ ಹೊಟ್ಟೆಪಾಡು ಅದೇ. ಡೊಂಬಿವಲಿ ಅಕ್ಕ, ಪ್ಯಾಕೇಜ್ ಜೊತೆಗೆ ಪುಕ್ಕಟೆ ಬರುವ ಪಾಲಿಸಿಯನ್ನು ಮೊದಲು ತೆರೆದು ಓದಿ. ಅದರಲ್ಲಿ ಆಸ್ಪತ್ರೆ, ಲಗೇಜ್, ಪಾಸ್‌ಪೋರ್ಟ್ ಕಳೆದರೆ ಇಷ್ಟು, ಫ್ಲೈಟ್ ತಡವಾದರೆ ಇಷ್ಟು ಅಂತ ಇರುತ್ತದೆ. ಫ್ಲೈಟ್ ತಡವಾದದ್ದಕ್ಕೆ ಮೊದಲ ಕೆಲವು ಗಂಟೆ ಲೆಕ್ಕಕ್ಕೆ ಬರುವುದಿಲ್ಲ, ಆಮೇಲೆ ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಹಡಗು ರದ್ದಾದದ್ದು "ಟ್ರಿಪ್ ಕರ್ಟೇಲ್‌ಮೆಂಟ್" ಅಂದರೆ ಪ್ರವಾಸ ಮೊಟಕಾದದ್ದು ಅನ್ನುವ ಭಾಗದಲ್ಲಿ ಬರಬೇಕು. ಅಗ್ಗದ ಪಾಲಿಸಿಗಳಲ್ಲಿ ಆ ಭಾಗವೇ ಇರುವುದಿಲ್ಲ.

ಡಾ ನಾಂಗ್ ಫ್ಲೈಟ್ ತಡವಾದದ್ದಕ್ಕೆ ಕಾರಣ ಬರೆದ ಪತ್ರವನ್ನು ವಿಮಾನ ಕಂಪೆನಿಯಿಂದ ಈಗಲೂ ಮೇಲ್‌ನಲ್ಲಿ ತರಿಸಿಕೊಳ್ಳಬಹುದು. ಬೋರ್ಡಿಂಗ್ ಪಾಸ್ ಎಸೆದಿಲ್ಲ ತಾನೇ? ಹೋಟೆಲಿನ ರಸೀದಿಯಲ್ಲಿ ತಾರೀಕು, ರೂಮ್ ನಂಬರ್ ಇರಲಿ. ಇನ್ಶೂರೆನ್ಸ್ ಕಂಪೆನಿ ಆಗುವುದಿಲ್ಲ ಅಂದರೆ ದೂರು ಕೇಳಲು ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಮುಂಬಯಿ, ಪುಣೆ ಎರಡೂ ಕಡೆ ಕಚೇರಿ ಇದೆ, ಶುಲ್ಕ ಇಲ್ಲ.

ಎಲ್ಲರಿಗೂ ಒಂದು ಮಾತು. ಬಿರುಗಾಳಿಗೆ ಹೆಸರು ಬಿದ್ದು ಸುದ್ದಿಯಾದ ಮೇಲೆ ಪಾಲಿಸಿ ಕೊಂಡರೆ ಆ ಬಿರುಗಾಳಿಗೆ ಅದು ನಡೆಯುವುದಿಲ್ಲ, ಗೊತ್ತಿದ್ದ ಅಪಾಯ ಅಂತ ತಳ್ಳಿಹಾಕುತ್ತಾರೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಕೇಸುಗಳು ನನಗೆ ಪ್ರತಿ ಮಳೆಗಾಲ ಬರುತ್ತವೆ. ಟಿಕೆಟ್ ಕೊಂಡ ದಿನವೇ ಪಾಲಿಸಿ ಕೊಳ್ಳಿ. ಬೆಲೆ ಹೆಚ್ಚೂಕಡಿಮೆ ಅದೇ.

ಚಿಂಚ್‌ವಡ್ ಅಮ್ಮ

ಯುರೋಪಿನ ಶೆಂಗೆನ್ ವೀಸಾಕ್ಕೆ ಕಡ್ಡಾಯ ಅಂತ ಮಾಡಿಸಿದ ಇನ್ಶೂರೆನ್ಸ್ ಇದಕ್ಕೆಲ್ಲ ಸಾಕಾಗುತ್ತದಾ? ಮುಂದಿನ ಜೂನ್‌ಗೆ ಮಗಳು ಅಳಿಯ ಸ್ವಿಟ್ಜರ್ಲ್ಯಾಂಡಿಗೆ ಹೊರಟಿದ್ದಾರೆ.

ಮಡಗಾಂವ್ ಪಾಲಿಸಿ

ಸಾಕಾಗುವುದಿಲ್ಲ ಅಮ್ಮ. ವೀಸಾದವರು ಕೇಳುವುದು 30,000 ಯೂರೋ ವೈದ್ಯಕೀಯ ಖರ್ಚಿಗೆ ಮತ್ತು ಊರಿಗೆ ವಾಪಸ್ ಕಳಿಸುವ ಖರ್ಚಿಗೆ. ರೈಲು ನಿಂತರೆ, ಹೋಟೆಲ್ ತಪ್ಪಿದರೆ ಅದು ಬರುವುದಿಲ್ಲ. ಜೂನ್ ಅಂದರೆ ಬಿಸಿಲು ಅಂತಲೂ ತಿಳಿಯಬೇಡಿ. ಈ ವರ್ಷ ಜೂನ್ 21ರ ರಾತ್ರಿ ಸುರಿದ ಮಳೆಗೆ ಝೆರ್ಮಾಟ್‌ಗೆ ಹೋಗುವ ರೈಲೂ ರಸ್ತೆಯೂ ಎರಡೂ ಕಟ್ ಆದವು. ಆ ಊರಿನೊಳಗೆ ಮೊದಲೇ ಪೆಟ್ರೋಲ್ ಕಾರು ಬಿಡುವುದಿಲ್ಲ, ರೈಲೇ ಗತಿ. ಮಿಸಾಕ್ಸ್ ಕಣಿವೆಯಲ್ಲಿ ಹೆದ್ದಾರಿಯ ಒಂದು ತುಂಡೇ ಕೊಚ್ಚಿಹೋಯಿತು. ವಾಪಸ್ ಫ್ಲೈಟಿನ ಹಿಂದಿನ ರಾತ್ರಿ ಜ್ಯೂರಿಕ್‌ನಲ್ಲೇ ಇರಲಿ ಅಂತ ಮಗಳಿಗೆ ಹೇಳಿ, ಬೆಟ್ಟದ ಮೇಲೆ ಬೇಡ.

ವಾಶಿ ಟಿಕೆಟ್

ಯುರೋಪಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಸೇರಿಸುತ್ತೇನೆ. ಅಲ್ಲಿ 2004ರ 261ನೇ ನಿಯಮ ಅಂತ ಇದೆ. ಹವಾಮಾನದಿಂದ ಫ್ಲೈಟ್ ರದ್ದಾದರೆ ಪರಿಹಾರದ ದುಡ್ಡು ಕೊಡಬೇಕಿಲ್ಲ. ಆದರೆ ಊಟ, ಹೋಟೆಲ್, ಏರ್‌ಪೋರ್ಟಿನಿಂದ ಹೋಟೆಲಿಗೆ ವಾಹನ, ಇವನ್ನು ಕೊಡಲೇಬೇಕು. ಯುರೋಪಿಯನ್ ಒಕ್ಕೂಟದ ಊರಿನಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಇದು ಸಲ್ಲುತ್ತದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವಾಗ ಮಾತ್ರ ಅವರ ವಿಮಾನ ಆಗಿರಬೇಕು. ಸ್ವಿಟ್ಜರ್ಲ್ಯಾಂಡ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ನಿಯಮ ಒಪ್ಪಿಕೊಂಡಿದೆ. ಕೌಂಟರಿನಲ್ಲಿ ಕೇಳದಿದ್ದರೆ ತಾವಾಗಿ ಕೊಡುವುದಿಲ್ಲ, ನಮ್ಮವರು ಸಂಕೋಚಪಟ್ಟು ಬೆಂಚಿನ ಮೇಲೆ ಕೂತುಬಿಡುತ್ತಾರೆ.

ಡೊಂಬಿವಲಿ ಪೂರ್ವ, 26 ನವೆಂಬರ್ 2024

ಬಹಳ ಜನ ಕೇಳುತ್ತಿದ್ದೀರಿ, ಏನಾಯಿತು ಅಂತ. ವಾಶಿಯವರು ಹೇಳಿದ ಹಾಗೆ ಹಡಗಿನವರಿಗೆ ಮೇಲ್ ಹಾಕಿದೆ. ಎರಡೇ ದಿನದಲ್ಲಿ ಉತ್ತರ ಬಂತು: ಪೂರ್ತಿ ದುಡ್ಡು ಸೆಪ್ಟೆಂಬರಿನಲ್ಲೇ ಹನೋಯ್ ಏಜೆಂಟನಿಗೆ ವಾಪಸ್ ಹೋಗಿದೆ. ಅದನ್ನು ಠಾಣೆಗೆ ಕಳಿಸಿದೆ. ಅಲ್ಲಿಂದ ಮೌನ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಜೊತೆಗೆ ಒಂದು ಪತ್ರ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಅಂತ. ಯಜಮಾನರ ಗೆಳೆಯರೊಬ್ಬರು ವಕೀಲರು, ಅವರು ಹೇಳಿದ್ದು: 2019ರ ಕಾಯ್ದೆಯಲ್ಲಿ ನಾವು ಇರುವ ಊರಿನಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ಪತ್ರ ಮುಟ್ಟಿದ ವಾರದಲ್ಲೇ ಫೋನ್ ಬಂತು. ಹಡಗಿನ ದುಡ್ಡಿನಲ್ಲಿ "ಪ್ರೊಸೆಸಿಂಗ್" ಅಂತ ಸ್ವಲ್ಪ ಹಿಡಿದು ಉಳಿದದ್ದು ಅಕೌಂಟಿಗೆ ಹಾಕಿದರು. ಆ ಸ್ವಲ್ಪಕ್ಕೆ ಯಜಮಾನರು ಇನ್ನೂ ಜಗಳವಾಡುತ್ತೇನೆ ಅನ್ನುತ್ತಾರೆ, ನಾನು ಬಿಟ್ಟುಬಿಡಿ ಅಂದಿದ್ದೇನೆ. ಇನ್ಶೂರೆನ್ಸಿನಿಂದ ಡಾ ನಾಂಗ್ ಫ್ಲೈಟ್ ತಡವಾದದ್ದಕ್ಕೆ ಬಂತು. ರೂಮಿನ ದುಡ್ಡು ಯಾರೂ ಕೊಡಲಿಲ್ಲ. ಅದು ಹೋದರೆ ಹೋಯಿತು, ನಾನು ಇವತ್ತೂ ಅದೇ ರೂಮ್ ಹಿಡಿಯುತ್ತೇನೆ.

ನಿನ್ ಬಿನ್‌ಗೆ ಹೋದವರಿಗೂ ಹಡಗಿನವರ ಮೇಲ್ ಕಳಿಸಿದ್ದೇನೆ. ಅವರಿಗೆ ಬದಲಿ ಹೋಟೆಲಿನ ಖರ್ಚು ಕಳೆದು ವ್ಯತ್ಯಾಸ ಕೊಡಬೇಕು ಅಲ್ವಾ? ಕೇಳುತ್ತಿದ್ದಾರೆ.

ಮೀರಾ ರೋಡ್ ಮಾಣಿ

ಅರಿಶಿನದ ಗಣಪ ಕೈಬಿಡಲಿಲ್ಲ ನೋಡಿ ಅಕ್ಕ!

ಕಲ್ಯಾಣ್ ಕುಂದಾಪ್ರ, 24 ಜುಲೈ 2025

ಹಳೇ ಚರ್ಚೆ ಮೇಲೆ ತಂದದ್ದಕ್ಕೆ ಕ್ಷಮಿಸಿ. 19ನೇ ತಾರೀಕು ಹಾಲಾಂಗ್‌ನಲ್ಲಿ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಹೋದರಲ್ಲ, ಅದನ್ನು ಟೀವಿಯಲ್ಲಿ ನೋಡಿ ಮನೆಯಲ್ಲಿ ಎಲ್ಲರಿಗೂ ದಿಗಿಲು. ನಾವು ದೀಪಾವಳಿ ರಜೆಗೆ ಹೋಯಿ ಆನ್, ಹಾಲಾಂಗ್ ಅಂತ ಮುಂಗಡ ಕೊಡುವವರಿದ್ದೆವು. ಕೊಡಬಹುದಾ? ಅದು ಕೂಡ ಟೈಫೂನ್ ತಾನೇ, ಹೇಳಿ ಬರುತ್ತದೆ ಅಂತ ಮೇಲೆ ಬರೆದಿದ್ದೀರಿ.

ಕೊಲಾಬಾ ಮೋಡ

ಅಲ್ಲ, ಅದು ಬೇರೆ. ಆವತ್ತು ವಿಫಾ ಟೈಫೂನ್ ಇನ್ನೂ ದೂರದಲ್ಲಿತ್ತು, ಉತ್ತರ ವಿಯೆಟ್ನಾಂಗೆ ಬಂದದ್ದು 22ಕ್ಕೆ. 19ರ ಮಧ್ಯಾಹ್ನದ್ದು ಗುಡುಗು ಮಳೆಯ ಬಿರುಸು ಗಾಳಿ, ಆಲಿಕಲ್ಲೂ ಬಿತ್ತು. ಅದು ವಾರದ ಮೊದಲು ಹೇಳಿ ಬರುವುದಿಲ್ಲ, ಒಂದು ಗಂಟೆ ಮೊದಲು ಗೊತ್ತಾದರೆ ಹೆಚ್ಚು. ನಮ್ಮ ಮೇ ತಿಂಗಳ ಸಂಜೆಯ ಗಾಳಿಯ ಜಾತಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಮೇಲೆ ಅಲ್ಲಿ ಇಂಥದ್ದು ಸಾಮಾನ್ಯ. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ಬೆಳಗಿನ ದೋಣಿ ಹಿಡಿಯಿರಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಪ್ರಯೋಜನವಿಲ್ಲ, ಮೈಮೇಲೆ ಇರಬೇಕು. ಆಕಾಶ ಕಪ್ಪಾದರೆ ಗಾಜಿನ ಕ್ಯಾಬಿನ್ ಒಳಗೆ ಹೋಗಿ ಕೂರಬೇಡಿ, ಬಾಗಿಲ ಹತ್ತಿರ ಇರಿ.

ದೀಪಾವಳಿಗೆ ಹಾಲಾಂಗ್ ಪರವಾಗಿಲ್ಲ. ಹೋಯಿ ಆನ್ ಬೇಡ. ಆ ದೇಶ ಉದ್ದಕ್ಕಿದೆ, ಉತ್ತರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನಡುವಿನ ಭಾಗದಲ್ಲಿ ಶುರು. ಅಕ್ಟೋಬರ್, ನವೆಂಬರಿನಲ್ಲಿ ಹೋಯಿ ಆನ್ ಹಳೇ ಪೇಟೆಗೆ ಹೊಳೆಯ ನೀರು ನುಗ್ಗುವುದು ಅಲ್ಲಿಯವರಿಗೆ ಮಾಮೂಲಿ. ಡೊಂಬಿವಲಿ ಅಕ್ಕನಿಗೆ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಅಲ್ಲಿ ಬಿಸಿಲು ಸಿಕ್ಕಿದ್ದು ಅದಕ್ಕೇ.

ಜುಲೈ 26

ದೀಪಾವಳಿಗೆ ಊರಿಗೆ ಹೋಗಿ ಮಾರಾಯ್ರೆ. ಕುಂದಾಪುರದ ಹೊಳೆಯಲ್ಲೂ ದೋಣಿ ಇದೆ, ವೀಸಾ ಬೇಡ.

ವಾಶಿ ಟಿಕೆಟ್

ಎರಡೂ ಊರು ಒಂದೇ ಸಲ ಬೇಕಿದ್ದರೆ ಫೆಬ್ರವರಿ ಕೊನೆ, ಮಾರ್ಚ್ ನೋಡಿ. ಹಾಲಾಂಗ್‌ನಲ್ಲಿ ಸ್ವಲ್ಪ ಮಂಜು ಇರಬಹುದು, ಬಿರುಗಾಳಿಯ ಕಾಟ ಇಲ್ಲ. 2026ರಲ್ಲಿ ಅವರ ಹೊಸ ವರ್ಷ ಟೆಟ್ ಫೆಬ್ರವರಿ 17ಕ್ಕೆ ಬರುತ್ತದೆ, ಆ ವಾರ ಬಿಟ್ಟುಬಿಡಿ. ಅಂಗಡಿ, ಹೋಟೆಲ್ ಅರ್ಧಕ್ಕರ್ಧ ಮುಚ್ಚಿರುತ್ತವೆ, ಟಿಕೆಟ್ ರೇಟೂ ಮೇಲೆ ಹೋಗುತ್ತದೆ. ಈಗ ಮುಂಗಡ ಕೇಳುತ್ತಿರುವವರ ಹತ್ತಿರ ಹಡಗಿನ ಹೆಸರು ಮತ್ತು ಹಡಗು ರದ್ದಾದರೆ ಏನು ಅನ್ನುವುದನ್ನು ಬರೆದು ಕೊಡಲು ಹೇಳಿ. ಬರೆದು ಕೊಡದಿದ್ದರೆ ಮುಂಗಡ ಬೇಡ.

ಕಲ್ಯಾಣ್ ಕುಂದಾಪ್ರ

ಆಯ್ತು, ಮಾರ್ಚ್ ಅಂತ ಮನೆಯಲ್ಲಿ ಹೇಳುತ್ತೇನೆ. ಮಗಳ ಹತ್ತನೇ ಕ್ಲಾಸ್ ಪರೀಕ್ಷೆ ಯಾವಾಗ ಮುಗಿಯುತ್ತದೆ ಅಂತ ನೋಡಿ ತಾರೀಕು ಹಾಕಬೇಕು. ಮುಂಗಡ ಕೇಳಿದವರಿಗೆ ಹಡಗಿನ ಹೆಸರು ಕೇಳಿ ಈಗಷ್ಟೇ ಮೆಸೇಜ್ ಹಾಕಿದೆ. "ಫೈವ್ ಸ್ಟಾರ್ ಆರ್ ಸಿಮಿಲರ್" ಅಂತ ಉತ್ತರ ಬಂತು.

ವಾಶಿ ಟಿಕೆಟ್

ಅದು ಹೆಸರಲ್ಲ. ಇನ್ನೊಂದು ಸಲ ಕೇಳಿ.